ತಾಮ್ರದ ಕೊಡ ಮತ್ತು ಕೆಂಪು ಸಿಗಡಿ

ಸಿಗಡಿಯ ಮೇಲೆ ಹೊಟ್ಟೆಕಿಚ್ಚು ಪಟ್ಟ ಹೆಂಗಸು ಇಡೀ ಹಾವೇರಿಯಲ್ಲಿ ನಾನೊಬ್ಬಳೇ ಇರಬೇಕು. ನಗುವವರು ನಗಲಿ, ನನಗೇನು. ಉಗುರಿನಷ್ಟು ಉದ್ದದ ಜೀವ, ಗಾಜಿನ ಟ್ಯಾಂಕಿನೊಳಗೆ ಕೂತು ಪಾಚಿ ಕೆರೆದು ತಿನ್ನುತ್ತದೆ, ಅದರ ಮೇಲೆಂಥ ಹೊಟ್ಟೆಕಿಚ್ಚು ಎನ್ನುವವರು ನಮ್ಮ ಅತ್ತೆಯ ಕೈಕೆಳಗೆ ಹದಿನಾರು ವರ್ಷ ಸಂಸಾರ ಮಾಡಿ ಬರಲಿ. ಆಮೇಲೆ ಕೂತು ಮಾತಾಡೋಣ.

ಹಾವೇರಿಯಲ್ಲಿ ನಮ್ಮದು ಕೂಡಿದ ಮನೆ. ಕೆಳಗೆ ಅತ್ತೆ, ನಾನು, ನಮ್ಮನೆಯವರು. ಮಹಡಿಯ ಮೇಲೆ ಮೈದುನ ಮತ್ತು ಅವನ ಹೆಂಡತಿ. ನನ್ನ ಮಗಳು ಧಾರವಾಡದ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಅಣ್ಣ ತಮ್ಮ ಇಬ್ಬರೂ ಸೇರಿ ಪೈಪು, ಪಂಪ್‌ಸೆಟ್ಟಿನ ಅಂಗಡಿ ಇಟ್ಟಿದ್ದಾರೆ. ಬೆಳಿಗ್ಗೆ ಹೋದರೆ ಊಟಕ್ಕೇ ಬರುವುದು. ಒಲೆ ಒಂದೇ. ನನ್ನ ತವರು ಬ್ಯಾಡಗಿ, ಮೆಣಸಿನಕಾಯಿ ವ್ಯಾಪಾರದ ಮನೆ. ಮೈದುನನ ಹೆಂಡತಿಗೆ ನಮ್ಮ ಕಡೆ ನೆಗೆಣ್ಣಿ ಎನ್ನುತ್ತೇವೆ. ಆಕೆ ರಾಣೆಬೆನ್ನೂರಿನವಳು, ಮದುವೆಯಾಗಿ ಬಂದು ಹೆಚ್ಚು ಕಾಲವಾಗಿಲ್ಲ. ನೋಡಲು ಚೆಲುವೆ, ಮಾತು ಮೆತ್ತಗೆ, ಯಾರಿಗೂ ಎದುರಾಡುವುದಿಲ್ಲ. ಇಂಥವಳ ಜೊತೆ ಜಗಳವಾದರೂ ಹೇಗೆ ಆಡುವುದು? ಅದೇ ನನ್ನ ಮೊದಲ ಸಂಕಟ.

ಅತ್ತೆ ಕೆಟ್ಟವರಲ್ಲ. ಆದರೆ ಅವರ ಬಾಯಿಂದ ಒಂದು ಒಳ್ಳೆಯ ಮಾತು ಹೊರಡಿಸುವುದು ಆ ಪರಮಾತ್ಮನಿಂದಲೂ ಆಗದ ಕೆಲಸ. ರೊಟ್ಟಿ ತೆಳ್ಳಗೆ ಬಂದರೆ, "ಈ ಸಲ ಜ್ವಾಳ ಚಲೋ ಐತಿ" ಎನ್ನುತ್ತಾರೆ. ರೊಟ್ಟಿ ಹರಿದರೆ, "ನಿನ್ನ ಕೈಗೆ ಏನ ಆಗೈತಿ?" ಎನ್ನುತ್ತಾರೆ. ಒಳ್ಳೆಯದೆಲ್ಲ ಜೋಳಕ್ಕೆ, ಕೆಟ್ಟದ್ದೆಲ್ಲ ನನ್ನ ಕೈಗೆ. ಅವರಿಗೆ ಕಾಮಾಲೆ ಆದಾಗ ಹಗಲೂ ರಾತ್ರಿ ನೋಡಿಕೊಂಡೆ. ಎದ್ದು ಕೂತ ದಿನ ಬಂದ ನೆಂಟರ ಮುಂದೆ ಏನೆಂದರು ಗೊತ್ತೇ? "ಡಾಕ್ಟರ ಬಾಳ ಚಲೋ ಮನಷ್ಯಾ" ಎಂದರು. ನಾನು ಚಹಾದ ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತಿದ್ದೆ.

ಆದರೂ ನನಗೊಂದು ಆಸರೆ ಇತ್ತು, ನನ್ನ ಕೊಡ. ಮದುವೆಯಲ್ಲಿ ಅವ್ವ ಕೊಟ್ಟ ತಾಮ್ರದ ಕೊಡ. ಸೋಮವಾರಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ತಿಕ್ಕಿ, ಮುಖ ಕಾಣುವಂತೆ ಬೆಳಗುತ್ತೇನೆ. ರಾತ್ರಿ ಅದರಲ್ಲಿ ನೀರು ತುಂಬಿಟ್ಟು, ಬೆಳಿಗ್ಗೆ ಅತ್ತೆಯ ಸ್ನಾನ, ಲಿಂಗಪೂಜೆ ಮುಗಿದ ಮೇಲೆ ಒಂದು ತಂಬಿಗೆ ಒಯ್ದು ಕೊಡುತ್ತೇನೆ. ಅವರು ಕಣ್ಣು ಮುಚ್ಚಿ, ಗಟಗಟ ಒಂದೇ ಉಸಿರಿಗೆ ಕುಡಿದು, ತಂಬಿಗೆ ಕೆಳಗಿಟ್ಟು "ಹ್ಹಾ" ಎನ್ನುತ್ತಾರೆ. ಮಾತಲ್ಲ, ಬರೀ ಉಸಿರು. ಆದರೆ ಆ "ಹ್ಹಾ" ನನ್ನದು. ಬೇರೆ ಯಾರು ಕೊಟ್ಟ ನೀರಿಗೂ ಅವರು ಹಾಗೆನ್ನುವುದಿಲ್ಲ, ನಾನು ಪರೀಕ್ಷೆ ಮಾಡಿ ನೋಡಿದ್ದೇನೆ. ಅದೊಂದನ್ನು ಕೇಳಿಸಿಕೊಂಡರೆ ನನಗೆ ಸಂಜೆಯ ತನಕ ದುಡಿಯಲು ಬಲ ಬರುತ್ತಿತ್ತು.

ಅತ್ತೆಯ ಮೊಣಕಾಲು ಹಿಡಿದುಕೊಂಡದ್ದು ಹೋದ ವರ್ಷ. ಬಜಾರಿಗೆ ಹೋಗುವುದು ನಿಂತಿತು, ಮಠಕ್ಕೆ ಹೋಗುವುದು ನಿಂತಿತು. ಪಡಸಾಲೆಯ ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ದಿನವಿಡೀ ಕೂಡುವುದಾಯಿತು. ಆಗ ತವರಿಗೆ ಹೋಗಿದ್ದ ನೆಗೆಣ್ಣಿ ಒಂದು ಚಿಕ್ಕ ಗಾಜಿನ ಟ್ಯಾಂಕನ್ನು ಎದೆಗವಚಿಕೊಂಡು ಆಟೋದಿಂದ ಇಳಿದಳು. ಆಕೆಯ ಅಣ್ಣನಿಗೆ ಇಂಥ ಟ್ಯಾಂಕುಗಳ ಹುಚ್ಚಂತೆ. ಕುರ್ಚಿಯ ಎದುರಿಗೇ ಸ್ಟೂಲಿನ ಮೇಲೆ ಅದನ್ನಿಟ್ಟು, ತಳಕ್ಕೆ ಹರಳು, ಒಂದು ಹಿಡಿ ಹಸಿರು ಗಿಡ, ನೀರು ಹಾಕಿದಳು. ನೀರೊಳಗೆ ಕೆಂಪು ಕೆಂಪಗೆ ಏನೋ ಓಡಾಡತೊಡಗಿದವು.

"ಏನವು?" ಎಂದರು ಅತ್ತೆ.

"ಸಿಗಡಿ ರಿ ಅತ್ತಿ."

ಅತ್ತೆಯ ಕೈ ತಾನಾಗಿ ಕೊರಳಿನ ಲಿಂಗದ ಮೇಲೆ ಹೋಯಿತು. "ನಮ್ಮ ಮನ್ಯಾಗ ಇನ್ನೂತನ ಒಂದ ತತ್ತಿ ಹೊಸ್ತಿಲಾ ದಾಟಿಲ್ಲ. ನೀ ಸಿಗಡಿ ತಂದಿ? ಗುತ್ತಲದಾಗ ನಾವ ಸಣ್ಣಾರಿದ್ದಾಗ ಹೊಳ್ಯಾಗಿನ ಸಿಗಡಿ ಮಾರಾಕ ಬಂದ್ರ ನಮ್ಮವ್ವ ಬಾಗಲಾ ಮುಚ್ಚತಿದ್ಲು!"

ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದ ನನಗೆ ಹೋಳಿಗೆ ತುಪ್ಪ ಉಂಡಷ್ಟು ಸಂತೋಷವಾಯಿತು. ಈಗ ನೋಡು ಮಜಾ ಎಂದುಕೊಂಡು ಕಿವಿ ಅತ್ತಲೇ ಇಟ್ಟೆ.

"ತಿನ್ನಾಕ ಅಲ್ರಿ ಅತ್ತಿ, ನೋಡಾಕ್ರಿ," ಎಂದಳು ಆಕೆ ಅದೇ ಮೆತ್ತಗಿನ ದನಿಯಲ್ಲಿ. "ನೀವ ಒಬ್ರ ಕುಂತಿರತೀರಲ್ರಿ, ಹೊತ್ತ ಹೋಗಲಿ ಅಂತ ತಂದೇನ್ರಿ. ಇವು ಪಾಚಿ ತಿಂತಾವ್ರಿ. ಗಾಜಿಗೆ, ಹರಳಿಗೆ ಹತ್ತಿದ್ದನ್ನೆಲ್ಲಾ ತಿಂದ ಸ್ವಚ್ಛ ಮಾಡ್ತಾವು."

"ಪಾಚಿ ತಿಂತಾವು?"

"ಹೌದ್ರಿ. ನಮ್ಹಂಗ ಕಾಯಿಪಲ್ಲೆ ಮಂದಿ."

ಅತ್ತೆ ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು. ಮುಗಿಯಿತು. ಆ ಬಾಗಿದವರು ಮತ್ತೆ ಹಿಂದಕ್ಕೆ ಒರಗಲೇ ಇಲ್ಲ. ನಾನು ಸುಮ್ಮನಿರಲಾರದೆ ಮೊಬೈಲಿನಲ್ಲಿ ಓದಿ, ಮರುದಿನವೇ ಹೋಗಿ ಚಾಡಿ ಹೇಳಿದೆ: "ಅತ್ತಿ, ಅವು ಬರೇ ಪಾಚಿ ತಿನ್ನೂದಿಲ್ಲಂತ. ಸತ್ತದ್ದನ್ನೂ ತಿಂತಾವಂತ." ಅತ್ತೆ ಗಾಜಿನಿಂದ ಕಣ್ಣು ಕೀಳದೆ, "ತಿಂದ್ರ ತಿನ್ಲಿ ಬಿಡು, ಜಾಗಾ ಸ್ವಚ್ಛ ಆತಲ್ಲ" ಎಂದರು. ನಾನು ಬಂದ ದಾರಿಯಲ್ಲೇ ಅಡುಗೆಮನೆಗೆ ಹೋದೆ.

ನನಗೆ ಉರಿದದ್ದು ಯಾವುದಕ್ಕೆ ಎಂದು ಸರಿಯಾಗಿ ಹೇಳಬೇಕು. ಟ್ಯಾಂಕು ತಂದದ್ದಕ್ಕಲ್ಲ. ಒಬ್ಬರೇ ಕೂತಿರುತ್ತಾರೆ, ಕಣ್ಣಿಗೊಂದು ಆಟ ಇರಲಿ ಎಂದು ಆಕೆಗೆ ಹೊಳೆಯಿತಲ್ಲ, ಅದಕ್ಕೆ. ಹದಿನಾರು ವರ್ಷದಿಂದ ಅವರ ಕಾಲು ಒತ್ತಿದವಳು ನಾನು, ಮಾತ್ರೆ ಕೊಡುವವಳು ನಾನು, ನನಗೇಕೆ ಹೊಳೆಯಲಿಲ್ಲ? ನಿನ್ನೆ ಮೊನ್ನೆ ಬಂದವಳಿಗೆ ಹೊಳೆಯಿತು! ರಾತ್ರಿ ಇದನ್ನೇ ನಮ್ಮನೆಯವರ ಮುಂದೆ ಆಡಿದರೆ, "ಹುಳದ ಸಂಬಂಧ ಇಷ್ಟ್ಯಾಕ ಮಾರಿ ಊದಿಸ್ಕೊಂಡಿ?" ಎಂದು ಆ ಕಡೆ ಹೊರಳಿ ಮಲಗಿದರು. ಗಂಡಸರಿಗೆ ಏನು ತಿಳಿಯುತ್ತದೆ.

ಅಷ್ಟಕ್ಕೇ ನಿಂತಿದ್ದರೆ ನುಂಗಿಕೊಳ್ಳುತ್ತಿದ್ದೆ. ಒಂದು ಮಧ್ಯಾಹ್ನ ಪಡಸಾಲೆಯ ನೆಲ ಒರೆಸುತ್ತಿದ್ದೆ. ಸೊಂಟ ಹಿಡಿದುಕೊಂಡು, ಕುರ್ಚಿಯ ಕಾಲುಗಳ ನಡುವೆ ಅರಿವೆ ತೂರಿಸಿ ಒರೆಸುತ್ತಿದ್ದೇನೆ. ಎದುರುಮನೆಯ ಮುದುಕಿ ಬಂದು ಕೂತಿದ್ದರು. ಅವರಿಗೆ ಟ್ಯಾಂಕು ತೋರಿಸುತ್ತ ಅತ್ತೆ ಹೇಳಿದರು: "ಎಷ್ಟ ದುಡೀತಾವ ನೋಡವಾ ಇವು! ಮುಂಜಾನಿಂದ ಸಂಜಿತನಾ ಒಂದ ಕಡೆ ಸುಮ್ನ ಕುಂದ್ರೂದಿಲ್ಲ. ತಿಕ್ಕಾಕತ್ತಾವ, ತಿಕ್ಕಾಕತ್ತಾವ. ಮನಿ ಅಂದ್ರ ಹಿಂಗ ಇಟ್ಕೋಬೇಕು."

ನಾನು ಅರಿವೆ ಹಿಡಿದು ಅವರ ಕಾಲ ಬುಡದಲ್ಲೇ ಇದ್ದೆ. "ಅತ್ತಿ, ಕಾಲ ಎತ್ರಿ" ಎಂದೆ. ಎತ್ತಿದರು. ಕಣ್ಣು ಮಾತ್ರ ಸಿಗಡಿಯ ಮೇಲೆ. ಮೈಯೆಲ್ಲ ಉರಿದುಹೋಯಿತು. ಈ ಮನೆಯ ಪಾತ್ರೆಗಳನ್ನು ಎಷ್ಟು ಸಾವಿರ ಸಲ ತಿಕ್ಕಿದ್ದೇನೋ ಆ ಶಿವನಿಗೇ ಗೊತ್ತು. ತಿಕ್ಕುವುದನ್ನು ಈ ಮನೆಯಲ್ಲಿ ಹೊಗಳುತ್ತಾರೆಂದು ನನಗೆ ಗೊತ್ತಾದದ್ದೇ ಆ ದಿನ, ಅದೂ ಬೇರೆಯವರ ಪಾಲಾದ ಮೇಲೆ.

ಅಲ್ಲಿಂದ ಮುಂದೆ ಆ ಟ್ಯಾಂಕಿಗೆ ಏನಾದರೂ ಆಗಲಿ ಎಂದು ಕಾಯತೊಡಗಿದೆ. ಕೈಯಾರೆ ಏನೂ ಮಾಡುವವಳಲ್ಲ ನಾನು, ಆದರೆ ತಾನಾಗಿ ಆದರೆ ಬೇಡವೆನ್ನಲೇ? ಒಂದು ಬೆಳಿಗ್ಗೆ ಕಸ ಹೊಡೆಯುತ್ತ ನೋಡುತ್ತೇನೆ, ತಳದಲ್ಲಿ ಒಂದು ಸಿಗಡಿ ಬೆಳ್ಳಗೆ ಬಿಳಚಿಕೊಂಡು, ಕಾಲು ಮೀಸೆ ಸಮೇತ ಅಲುಗಾಡದೆ ಬಿದ್ದಿದೆ. ನನ್ನ ಹೊಟ್ಟೆ ತಣ್ಣಗಾಯಿತು. ಮುಖವನ್ನು ಆದಷ್ಟು ಸಪ್ಪೆ ಮಾಡಿಕೊಂಡು, "ಅಯ್ಯ ಪಾಪ, ಒಂದ ಸತ್ತ ಹೋತಲ್ರಿ ಅತ್ತಿ" ಎಂದೆ. ನೆಗೆಣ್ಣಿ ಮೆಟ್ಟಿಲಿಳಿದು ಓಡಿ ಬಂದು ನೋಡಿ ನಕ್ಕುಬಿಟ್ಟಳು.

"ಸತ್ತಿಲ್ರಿ ಅಕ್ಕಾರ. ಪರಿ ಬಿಟ್ಟೈತ್ರಿ, ಹಾವ ಬಿಡತೈತಲ್ರಿ, ಹಂಗ. ಅಲ್ನೋಡ್ರಿ, ಗಿಡದ ಹಿಂದ ಕುಂತೈತಿ."

ಗಿಡದ ಹಿಂದೆ ಮೊದಲಿಗಿಂತ ಕೆಂಪಗಾಗಿ, ಹೊಸ ಹೊಳಪಿನಲ್ಲಿ ಕೂತಿತ್ತು ಅದು. ಅತ್ತೆ ತೊಡೆ ತಟ್ಟಿಕೊಂಡು ನಕ್ಕರು. "ತನ್ನ ಅರಬಿ ತಾನ ಕಳದಿಟ್ಟ, ಹೊಸಾದ ಉಟಗೊಂಡೈತಿ, ನೋಡ!" ಅತ್ತೆ ಅಷ್ಟು ಬಾಯಿ ತುಂಬ ನಕ್ಕದ್ದನ್ನು ನಾನು ಯಾವಾಗ ನೋಡಿದ್ದೆನೋ ನೆನಪಿಗೆ ಬರಲಿಲ್ಲ. ಕಸದ ಪುಟ್ಟಿ ತೆಗೆದುಕೊಂಡು ಹೊರಗೆ ಹೋದೆ.

ಮುಂದೆ ಒಂದು ಸಿಗಡಿ ಬಸುರಿಯೂ ಆಯಿತು. ಹೊಟ್ಟೆಯ ಕೆಳಗೆ ಸಾಸಿವೆಗಿಂತ ಸಣ್ಣ ತತ್ತಿಗಳನ್ನು ಹೊತ್ತುಕೊಂಡು, ಕಾಲಿನಿಂದ ಗಾಳಿ ಹಾಕುತ್ತ ತಿರುಗುತ್ತಿತ್ತು. ಹೊಸ್ತಿಲು ದಾಟದ ತತ್ತಿ ಈಗ ಪಡಸಾಲೆಗೇ ಬಂದಿತ್ತು, ಆದರೂ ಅತ್ತೆಯ ಬಾಯಿಂದ ಒಂದು ಮಾತಿಲ್ಲ. ಬದಲಿಗೆ, "ಇದಕ್ಕ ಕುಬಸಾ ಮಾಡೂಣೇನ?" ಎಂದು ತಮಾಷೆ. ನಾನು ಬಸುರಿಯಿದ್ದಾಗ ನನ್ನ ಕುಬಸಕ್ಕೆ ಸೀರೆ ಆರಿಸುವಾಗ ಹಸಿರು ಬಣ್ಣ ಗಾಢವಾಯಿತೆಂದು ಮುಖ ಸಿಂಡರಿಸಿದವರು ಇವರೇ.

ನಾಗರ ಪಂಚಮಿಗೆ ನಾನು ಬ್ಯಾಡಗಿಗೆ ಹೋದೆ. ಹೋಗುವಾಗಲೇ ಮನಸ್ಸಿನಲ್ಲಿ ನಿಶ್ಚಯ ಮಾಡಿದ್ದೆ. ತಿರುಗಿ ಬರುವ ದಿನ ಹಾವೇರಿಯ ಬಸ್ಸು ಬಿಟ್ಟು ಉಲ್ಟಾ ದಿಕ್ಕಿನ ರಾಣೆಬೆನ್ನೂರಿನ ಬಸ್ಸು ಹತ್ತಿದೆ. ನೆಗೆಣ್ಣಿಯ ಊರಿನಿಂದಲೇ ತರಬೇಕು, ಆದರೆ ನೆಗೆಣ್ಣಿಗೆ ಗೊತ್ತಾಗದ ಹಾಗೆ. ಹುಡುಕಿ ಹುಡುಕಿ ಒಂದು ಮೀನಿನ ಅಂಗಡಿ ಸಿಕ್ಕಿತು. ಸಾಕುವ ಮೀನಿನದು, ತಪ್ಪು ತಿಳಿಯಬೇಡಿ. ಆಕೆಯದಕ್ಕಿಂತ ಒಂದು ಗೇಣು ಉದ್ದದ ಟ್ಯಾಂಕು ಕೊಂಡೆ. ಆಕೆಯವಕ್ಕಿಂತ ಕೆಂಪಗಿರುವ ಸಿಗಡಿಗಳನ್ನೇ ಬೆರಳು ಮಾಡಿ ತೋರಿಸಿ ಹಿಡಿಸಿದೆ. ಅಂಗಡಿಯವ ಅವುಗಳನ್ನು ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಕ್ಕೆ ಬಿಟ್ಟು, ರಬ್ಬರ್ ಹಾಕಿ ಕಟ್ಟುತ್ತ, "ನಳದ ನೀರ ಸೀದಾ ಹಾಕಬ್ಯಾಡ್ರಿ ಅಕ್ಕಾರ. ಒಂದ ದಿನಾ ಹಿಡಿದಿಟ್ಟ ಆಮ್ಯಾಲ ಹಾಕ್ರಿ" ಎಂದ. ಯಾವುದರಲ್ಲಿ ಹಿಡಿದಿಡಬೇಕೆಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬಸ್ಸಿನಲ್ಲಿ ಪಕ್ಕಕ್ಕೆ ಕರ್ಜಗಿಯ ಒಬ್ಬ ಹೆಂಗಸು ಕೂತಿದ್ದಳು. ನನ್ನ ಮಡಿಲಲ್ಲಿ ಉಬ್ಬಿದ ಚೀಲವನ್ನು ಬಗ್ಗಿ ನೋಡಿ ಕೇಳಿದಳು, "ಏನ್ರಿ ಯಕ್ಕಾ ಅವು?"

"ಸಿಗಡಿ."

ಆಕೆ ನನ್ನ ಹಣೆಯ ವಿಭೂತಿ ನೋಡಿದಳು, ಚೀಲ ನೋಡಿದಳು, ಮತ್ತೆ ವಿಭೂತಿ ನೋಡಿದಳು. ಆಮೇಲೆ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು: "ಇಷ್ಟ ಸಣ್ಣುವು ಸಾರಿಗೆ ಸಾಲತಾವೇನ್ರಿ?"

ನನ್ನ ಟ್ಯಾಂಕನ್ನು ನಾನು ಅಡುಗೆಮನೆಯಲ್ಲಿ ಇಟ್ಟೆ. ಅತ್ತೆಯ ಕುರ್ಚಿಯಿಂದ ಅಡುಗೆಮನೆಯ ಬಾಗಿಲು ನೇರಕ್ಕೆ ಕಾಣುತ್ತದೆ, ಆ ಬಾಗಿಲಿನಿಂದ ಟ್ಯಾಂಕು ಕಾಣುತ್ತದೆ. ಕೂತಲ್ಲಿಂದಲೇ ನೋಡಲಿ, ಇವು ದೊಡ್ಡವು, ಇವು ಕೆಂಪು ಎನ್ನಲಿ ಎಂಬುದು ನನ್ನ ಲೆಕ್ಕ. ನೀರಿನ ವಿಷಯದಲ್ಲಂತೂ ನನ್ನನ್ನು ಮೀರಿಸುವವರು ಯಾರು? ನೆಗೆಣ್ಣಿ ಮಹಡಿಯ ಮೇಲೆ ಪ್ಲಾಸ್ಟಿಕ್ ಬಕೀಟಿನಲ್ಲಿ ನೀರು ಹಿಡಿದಿಡುತ್ತಾಳೆ. ಬಕೀಟಂತೆ! ನಾನು ನನ್ನ ತಾಮ್ರದ ಕೊಡದಲ್ಲಿ ರಾತ್ರಿ ತುಂಬಿಟ್ಟ ನೀರನ್ನೇ ಹಾಕಿದೆ. ಅತ್ತೆ ಕುಡಿಯುವ ನೀರು, ಅದಕ್ಕಿಂತ ಶುದ್ಧ ನೀರು ಈ ಹಾವೇರಿಯಲ್ಲಿ ಎಲ್ಲಿದೆ? ಬೆಳಿಗ್ಗೆ ಎದ್ದು ಒಂದಿಷ್ಟು ಹಳೆಯ ನೀರು ತೆಗೆದು, ಕೊಡದಿಂದ ಮೊದಲ ತಂಬಿಗೆ ಟ್ಯಾಂಕಿಗೆ, ಎರಡನೆಯ ತಂಬಿಗೆ ಅತ್ತೆಗೆ. ಅತ್ತೆಯ ಪಕ್ಕ ತಂಬಿಗೆ ಇಟ್ಟು, ಸಿಗಡಿಗಳು ಏನು ಮಾಡುತ್ತಿವೆಯೋ ಎಂದು ಓಡಿ ಬರುತ್ತಿದ್ದೆ.

ಅವು ಏನೂ ಮಾಡುತ್ತಿರಲಿಲ್ಲ. ನೆಗೆಣ್ಣಿಯವು ಕೂತಲ್ಲಿ ಕೂಡದೆ ತಿಕ್ಕುತ್ತಿದ್ದರೆ ನನ್ನವು ಮೂಲೆ ಹಿಡಿದು, ಮೀಸೆ ಇಳಿಬಿಟ್ಟು ನಿಂತಿರುತ್ತಿದ್ದವು. ಅತ್ತೆ ಕೂತಲ್ಲಿಂದಲೇ, "ನಿನ್ನವ್ಯಾಕ ಮೈಗಳ್ಳ ಅದಾವು?" ಎಂದರು. ಮೊದಲ ಬಾರಿ ಅವರು ನನ್ನ ಟ್ಯಾಂಕಿನ ಬಗ್ಗೆ ಆಡಿದ ಮಾತು ಅದು. ಕೆಲವೇ ದಿನಗಳಲ್ಲಿ ಒಂದು ಮಗುಚಿ ಬಿತ್ತು. ಪೊರೆ ಬಿಟ್ಟಿರಬೇಕೆಂದು ಗಿಡದ ಹಿಂದೆಲ್ಲ ಹುಡುಕಿದೆ. ಪೊರೆಯಲ್ಲ, ಹೆಣ. ಆಮೇಲೆ ಒಂದರ ಹಿಂದೊಂದು ಎಲ್ಲವೂ ಹೋದವು.

ನೆಗೆಣ್ಣಿಯ ಕಣ್ಣೇ ತಾಗಿದೆ ಎಂದು ನನಗೆ ಅನುಮಾನವೇ ಉಳಿಯಲಿಲ್ಲ. ನಾನು ಸಿಗಡಿ ತಂದ ದಿನವೇ, "ಎಷ್ಟ ಚಂದ ಅದಾವ್ರಿ ಅಕ್ಕಾರ!" ಎಂದು ಕಣ್ಣರಳಿಸಿದವಳಲ್ಲವೇ? ತವರಿನಿಂದ ತಂದ ಮೆಣಸಿನಕಾಯಿ ಹಿಡಿ ತುಂಬ ತೆಗೆದುಕೊಂಡು, ಉಪ್ಪು ಸೇರಿಸಿ, ಬರಿದಾದ ಟ್ಯಾಂಕಿಗೆ ಮೂರು ಸುತ್ತು ಇಳಿಸಿ ಕೆಂಡದ ಮೇಲೆ ಹಾಕಿದೆ. ದೃಷ್ಟಿಯಾಗಿದ್ದರೆ ಘಾಟು ಬರಬಾರದು, ಕೆಮ್ಮು ಬರಬಾರದು. ಇದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಎಂಥ ಘಾಟು ಎದ್ದಿತೆಂದರೆ ಪಡಸಾಲೆಯಲ್ಲಿ ಅತ್ತೆ ಕೆಮ್ಮಿದರು, ಮಹಡಿಯ ಮೇಲೆ ನೆಗೆಣ್ಣಿ ಕೆಮ್ಮಿದಳು, ಎದುರುಮನೆಯ ಮುದುಕಿ ಕೆಮ್ಮುತ್ತ ಬಂದು ಏನಾಯಿತೆಂದು ಕೇಳಿದರು. ನಾನಂತೂ ಕಣ್ಣು ಮೂಗು ಒರೆಸಿಕೊಳ್ಳುತ್ತ ಬಚ್ಚಲಲ್ಲಿ ಕೂತೆ. ನನ್ನ ತವರಿನ ಮೆಣಸಿನಕಾಯಿಯೇ ಆಕೆಯ ಪರ ಸಾಕ್ಷಿ ಹೇಳಿತು. ಆಕೆಯ ಕಣ್ಣು ತಾಗಿರಲಿಲ್ಲ.

ಅದಕ್ಕಿಂತ ದೊಡ್ಡ ಅವಮಾನ ಮುಂದಿತ್ತು. ಅತ್ತೆ ನೆಗೆಣ್ಣಿಯನ್ನು ಕರೆದು, "ನಿನ್ನುವು ಮರಿ ಹಾಕ್ಯಾವಲ್ಲ, ನಾಕ ಆಕೀಗೂ ಕೊಡವಾ. ಪಾಪ, ಮಾರಿ ಸಣ್ಣದ ಮಾಡ್ಕೊಂಡ ತಿರಗ್ಯಾಡಾಕತ್ಯಾಳ" ಎಂದರು. ಆಕೆ ಜಾಳಿಗೆಯಲ್ಲಿ ಹಿಡಿದು ತಂದು ನನ್ನ ಟ್ಯಾಂಕಿಗೆ ಬಿಟ್ಟಳು. ಆಕೆಯ ಟ್ಯಾಂಕಿನಲ್ಲಿ ಹೆಚ್ಚಾದದ್ದನ್ನು ನಾನು ಇಸಿದುಕೊಳ್ಳಬೇಕು! ಬೇಡವೆನ್ನಲು ಬಾಯಿ ತೆರೆದೆ, ಅತ್ತೆ ನೋಡುತ್ತಿದ್ದರು, ಮುಚ್ಚಿಕೊಂಡೆ. ಇವನ್ನಾದರೂ ಉಳಿಸಿ ತೋರಿಸಬೇಕೆಂಬ ಹಟ ಬಂತು. ಕೊಡವನ್ನು ಮತ್ತಷ್ಟು ಹುಣಸೆ ಹಚ್ಚಿ ತಿಕ್ಕಿದೆ. ನೀರನ್ನು ಇನ್ನಷ್ಟು ಹೆಚ್ಚಾಗಿ ಬದಲಿಸಿದೆ. ಒಲೆಯ ಮೇಲೆ ಪಲ್ಯ ಸೀದರೂ ಕಣ್ಣು ಗಾಜಿನ ಮೇಲೇ. ಏನು ಮಾಡಿದರೇನು, ಅವೂ ಮೂಲೆ ಹಿಡಿದವು.

ಕೊನೆಯದೊಂದು ಉಳಿದಿದ್ದಾಗ ನೆಗೆಣ್ಣಿ ಸಂಜೆಯ ಚಹಾಕ್ಕೆಂದು ಅಡುಗೆಮನೆಗೆ ಬಂದಳು. ನಾನು ತಂಬಿಗೆಯಿಂದ ಟ್ಯಾಂಕಿಗೆ ನೀರು ಹೊಯ್ಯುತ್ತಿದ್ದೆ.

"ಅಕ್ಕಾರ, ಈ ನೀರ ಎಲ್ಲೀದ್ರಿ?"

"ಕೊಡದ್ದು. ಅತ್ತಿ ಕುಡಿಯೋದು. ಯಾಕ?"

ಆಕೆ ಕೆನ್ನೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯ ಶಿವನ! ತಾಮ್ರದ ಕೊಡದ್ದೇನ್ರಿ? ಸಿಗಡಿಗೆ ತಾಮ್ರ ಅಂದ್ರ ವಿಷ ರಿ ಅಕ್ಕಾರ. ಮನಷ್ಯಾರಿಗೆ ಏನೂ ಆಗೂದಿಲ್ಲ, ಇವಕ್ಕ ಒಂಚೂರ ಸೋಕಿದ್ರೂ ತಡಿಯೂದಿಲ್ಲ. ನಾ ಮೊದಲ ಹೇಳಬೇಕಾಗಿತ್ತು. ನೀವ ಕೊಡದ್ದ ಹಾಕ್ತೀರಿ ಅಂತ ನನಗ ಹೆಂಗ ಹೊಳೀಬೇಕ್ರಿ?"

ತಂಬಿಗೆ ನನ್ನ ಕೈಯಲ್ಲೇ ಉಳಿಯಿತು. ಅವ್ವ ಕೊಟ್ಟ ಕೊಡ, ಬೆಳಗಿ ಬೆಳಗಿ ಬಂಗಾರದಂತೆ ಇಟ್ಟುಕೊಂಡ ಕೊಡ! ಅಳು ಬಂತು, ಆದರೆ ಅಳುವಷ್ಟು ಪುರುಸೊತ್ತು ಇರಲಿಲ್ಲ. ಅದಕ್ಕಿಂತ ದೊಡ್ಡ ಹೆದರಿಕೆ ಎದೆಗೆ ಬಂದು ಕೂತಿತ್ತು. ಅತ್ತೆಗೆ ಈ ಮಾತು ಗೊತ್ತಾದರೆ? ಜೀವ ತೆಗೆಯುವ ನೀರನ್ನು ನನಗೆ ಕುಡಿಸುತ್ತಿದ್ದೀಯಾ ಎಂದರೆ? ಸಿಗಡಿ ಹೋದರೆ ಹೋಗಲಿ, ಸುಡುಗಾಡಿಗೆ ಹೋಗಲಿ. ಆ "ಹ್ಹಾ" ಹೋದರೆ ಈ ಮನೆಯಲ್ಲಿ ನನ್ನದೆಂಬುದು ಏನು ಉಳಿಯುತ್ತದೆ? ಆಕೆಯ ಮುಂಗೈ ಹಿಡಿದುಕೊಂಡೆ.

"ಅತ್ತಿ ಮುಂದ ಹೇಳಬ್ಯಾಡ."

"ನಾ ಯಾಕ ಹೇಳ್ಲಿರಿ ಅಕ್ಕಾರ?" ಎಂದಳು. ಉಳಿದ ಒಂದು ಸಿಗಡಿಯನ್ನು ಲೋಟದಲ್ಲಿ ಹಿಡಿದು, ತನ್ನ ಟ್ಯಾಂಕಿನ ನೀರನ್ನು ಹನಿ ಹನಿಯಾಗಿ ಬೆರೆಸಿ, ಅತ್ತೆಗೆ ಕಾಣದಂತೆ ತನ್ನವುಗಳ ಜೊತೆ ಬಿಟ್ಟಳು. ಅದು ಬದುಕಿತು. ಆಕೆ ಒಳ್ಳೆಯವಳೂ ಹೌದೆಂದು ಒಪ್ಪಿಕೊಳ್ಳಬೇಕಾಯಿತಲ್ಲ, ಅದು ನನ್ನ ಹೊಟ್ಟೆಕಿಚ್ಚಿಗೆ ತುಪ್ಪ ಹೊಯ್ದಂತಾಯಿತು.

ಮರುದಿನ ಬೆಳಿಗ್ಗೆ ಟ್ಯಾಂಕು ಖಾಲಿ. ನೀರು ಹಾಕುವ ಕೆಲಸವಿಲ್ಲ. ಕೊಡದಿಂದ ಒಂದೇ ತಂಬಿಗೆ ತುಂಬಿಕೊಂಡು ಅತ್ತೆಯ ಹತ್ತಿರ ಹೋದೆ, ಹೋಗಿ ನಿಂತೆ. ಬಹಳ ದಿನದ ಮೇಲೆ ಹಾಗೆ ನಿಂತದ್ದು. ಅತ್ತೆ ತಂಬಿಗೆ ತೆಗೆದುಕೊಂಡರು. ಬಾಯಿಗೆತ್ತಲಿಲ್ಲ. ನನ್ನ ಮುಖವನ್ನೊಮ್ಮೆ ನೋಡಿ, ಕಿಟಕಿಯ ಕಟ್ಟೆಯ ಮೇಲೆ ಅದನ್ನು ಇಟ್ಟುಬಿಟ್ಟರು.

ನೆಗೆಣ್ಣಿ ಅಲ್ಲೇ ತನ್ನ ಟ್ಯಾಂಕಿನ ಗಾಜು ಒರೆಸುತ್ತಿದ್ದಳು. ಆಕೆಯನ್ನು ಹೇಗೆ ನೋಡಿದೆನೆಂದರೆ ಆಕೆ ಅರಿವೆ ಕೆಳಗೆ ಹಾಕಿ ಎದ್ದು ನಿಂತು, "ನಾ ಏನೂ ಹೇಳಿಲ್ರಿ ಅಕ್ಕಾರ, ದೇವರಾಣಿ!" ಎಂದಳು.

"ಏನ ಹೇಳಬೇಕಾಗಿತ್ತ ಆಕಿ?" ಎಂದರು ಅತ್ತೆ.

ಇನ್ನು ಮುಚ್ಚಿಡುವುದೇನಿತ್ತು? ನಾನು ಒದರಿಬಿಟ್ಟೆ. "ನೀರ ಕುಡಿಯೂದಿಲ್ಲಂತ ಬಾಯಿ ಬಿಟ್ಟ ಹೇಳ್ರಿ ಅತ್ತಿ! ಯಾಕಂತಾನೂ ಹೇಳ್ರಿ!"

"ಹೇಳ್ತೇನಿ," ಎಂದರು ಅವರು. ಅವರ ದನಿಯೂ ಏರಿತ್ತು. "ಎಷ್ಟ ದಿನಾ ಆತು, ಮೊದಲನೇ ತಂಬಗಿ ಆ ಹುಳಕ್ಕ, ಎರಡನೇದ್ದ ನನಗ. ನನಗ ಕಾಣೂದಿಲ್ಲೇನ ಇಲ್ಲಿಂದ? ಅವಕ್ಕ ಹಾಕಿ ಉಳದದ್ದ ನಾ ಕುಡೀಬೇಕೇನ? ಇಟ್ಟ ಓಡತಿ. ಕುಡದ್ಲೋ ಬಿಟ್ಲೋ ಅಂತ ಒಂದ ದಿನಾ ನಿಂತ ನೋಡಿಯೇನ? ದಿನಾ ಈ ಕಿಡಕ್ಯಾಗಿಂದ ಚೆಲ್ಲಾಕತ್ತೇನಿ. ಹೊರಗ ಹೋಗಿ ನೋಡು, ಕರಿಬೇವಿನ ಗಿಡ ಹೆಂಗ ಚಿಗತೈತಿ!"

ಹೊಟ್ಟೆಕಿಚ್ಚು ಎಂಬುದನ್ನು ದನಿಯಲ್ಲೇ ಗುರುತಿಸಬಲ್ಲವಳು ನಾನು, ತಿಂಗಳುಗಟ್ಟಲೆ ಅದರ ಜೊತೆ ಉಂಡು ಮಲಗಿದವಳು. ಇದು ಅದೇ. ಅಚ್ಚ ಹೊಟ್ಟೆಕಿಚ್ಚು. ನಮ್ಮ ಅತ್ತೆಗೆ! ನನ್ನ ಸಿಗಡಿಗಳ ಮೇಲೆ, ನನ್ನ ಸಲುವಾಗಿ! ನಗು ಬಂತು, ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಕುರ್ಚಿಯ ಪಕ್ಕ ನೆಲಕ್ಕೆ ಕೂತುಕೊಂಡೆ.

"ಅತ್ತಿ, ಆ ನೀರಿನಿಂದನ ಅವು ಸತ್ತಾವ್ರಿ," ಎಂದೆ. "ತಾಮ್ರ ಅವಕ್ಕ ವಿಷ ಅಂತ. ನಿನ್ನೆ ಗೊತ್ತಾತು. ನೀವೂ ಕುಡಿಯೂದ ಬಿಡತೀರಿ ಅಂತ ಹೆದರಿ ಹೇಳಲಿಲ್ಲ."

ಅತ್ತೆ ಕಿಟಕಿಯ ಕಟ್ಟೆಯ ಮೇಲಿನ ತಂಬಿಗೆಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅದನ್ನೆತ್ತಿ, ಕಣ್ಣು ಮುಚ್ಚಿ, ಗಟಗಟ ಕುಡಿದು ಬರಿದು ಮಾಡಿದರು. "ಹ್ಹಾ" ಎಂದರು.

ಸಂಜೆ ಎದುರುಮನೆಯ ಮುದುಕಿ ಬಂದಾಗ ನಾನು ಪಡಸಾಲೆಯಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ನೆಗೆಣ್ಣಿ ತನ್ನ ಸಿಗಡಿಗಳಿಗೆ ಬೇಯಿಸಿದ ಪಾಲಕದ ಚೂರು ಹಾಕುತ್ತಿದ್ದಳು. ಮುದುಕಿ ಖಾಲಿ ಟ್ಯಾಂಕಿನ ಸುದ್ದಿ ಎತ್ತಿದರು. ಅತ್ತೆ ಕಾಲು ಚಾಚಿ ಕೂತು, ನಾನು ಅಲ್ಲಿ ಇಲ್ಲವೇ ಇಲ್ಲವೆಂಬಂತೆ ಹೇಳಿದರು: "ನಮ್ಮ ಹಿರೇ ಸೊಸಿ ಕೊಡದ ನೀರ ಐತಲ್ಲ, ಅದು ಎಲ್ಲಾರಿಗೂ ಒಗ್ಗೂದಿಲ್ಲವಾ. ನನಗೊಬ್ಬಾಕಿಗೇ ಒಗ್ಗೂದು. ಅದು ಹೊಟ್ಯಾಗ ಹೋಗಲಿಲ್ಲಂದ್ರ ನನಗ ಹೊತ್ತ ಹುಟ್ಟೂದಿಲ್ಲ."

ನಾನು ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಅವರೆಕಾಯಿಯನ್ನೇ ಎರಡು ಸಲ ಸುಲಿದೆ. ಆಮೇಲೆ ಓರೆಗಣ್ಣಿನಿಂದ ನೋಡಿದರೆ, ಟ್ಯಾಂಕಿನ ಮುಂದೆ ನೆಗೆಣ್ಣಿಯ ಕೈ ಅರ್ಧಕ್ಕೇ ನಿಂತಿತ್ತು. ಆಕೆಯ ಸಿಗಡಿಗಳೆಲ್ಲ ಸೊಪ್ಪಿಗೆ ಮುತ್ತಿಕೊಂಡು ಚಂದಕ್ಕೆ ಮೇಯುತ್ತಿದ್ದವು, ಅವುಗಳನ್ನು ಯಾರೂ ನೋಡುತ್ತಿರಲಿಲ್ಲ. ಆಕೆಯೂ ನೋಡುತ್ತಿರಲಿಲ್ಲ. ಆಕೆ ಅತ್ತೆಯನ್ನು ನೋಡುತ್ತಿದ್ದಳು.

ಮುದುಕಿ ಎದ್ದು ಹೋದ ಮೇಲೆ ಆಕೆ ನನ್ನ ಪಕ್ಕ ಬಂದು ಕೂತಳು. ಎರಡು ಕಾಯಿ ಸುಲಿದು ಪುಟ್ಟಿಗೆ ಹಾಕಿದಳು. ಅದೇ ಮೆತ್ತಗಿನ ದನಿಯಲ್ಲಿ, "ಅಕ್ಕಾರ, ನಾಳಿಂದ ಅತ್ತಿಗೆ ನೀರ ನಾ ಒಯ್ದ ಕೊಡ್ಲೇನ್ರಿ? ನಿಮಗೂ ಮುಂಜಾನೆ ಕೆಲಸಾ ಬಾಳ ಇರತಾವು" ಎಂದಳು.

"ಬ್ಯಾಡ," ಎಂದೆ. "ನೀ ನಿನ್ನ ಸಿಗಡಿ ನೋಡ್ಕೋ."